ಕವಿತೆ ಬರೆಯಲು ಮಾತ್ರೆ ಎಣಿಸಲೇಬೇಕೇ?

ಪರ: ಕಾರವಾರದಿಂದ

ಪರವಾಗಿ ಬರೆಯುವವರು ಸಿಗಲಿಲ್ಲವಂತೆ, ನನಗೆ ಒಪ್ಪಿಸಿದ್ದಾರೆ. ನಾನು ಓದುವುದು ಜಾಸ್ತಿ ಕಾದಂಬರಿಯೇ. ಇರಲಿ.

ಮಾತ್ರೆ ಅಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ. ಹ್ರಸ್ವಕ್ಕೆ ಒಂದು, ಅದು ಲಘು. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಅದು ಗುರು. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಸಣ್ಣ ಸಾಲಿನಲ್ಲಿ ಮಾತ್ರೆಗಳ ಗುಂಪು, ಅಂದರೆ ಗಣ, 3-4-3-4, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇ ಸಾಲು ಉದ್ದ. ಅಲ್ಲಿ 3-4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಈಗ ಇದನ್ನು ಗಟ್ಟಿಯಾಗಿ ಓದಿ:

ಮಳೆಯ ಹೊಡೆತಕೆ ಹೊಳೆಯು ಉಕ್ಕಿತು
ಅಳಿವೆ ದಾಟಿದ ದೋಣಿ ತೂಗಿತು

ನಾನೇ ಈಗ ಕಟ್ಟಿದ್ದು. ಮಹಾ ಕವಿತೆಯೇನಲ್ಲ. ಆದರೂ ನಾಲಿಗೆ ತಾನಾಗಿ ತೂಗುತ್ತದೆ ಅಲ್ವಾ? ‘ಹೊಡೆತಕೆ’ ತೆಗೆದು ‘ಹೊಡೆತಕ್ಕೆ’ ಹಾಕಿ ನೋಡಿ. ಒಂದೇ ಮಾತ್ರೆ ಹೆಚ್ಚಾಯಿತು, ಸಾಲು ಎಡವಿತು. ಎರಡೂ ಸಾಲಿನ ಎರಡನೇ ಅಕ್ಷರದಲ್ಲಿ ‘ಳ’ಕಾರ ಇರುವುದು ಆದಿಪ್ರಾಸ.

ಭಾಮಿನಿಯಲ್ಲಿ ಭಾರತ ಬರೆದ ಕುಮಾರವ್ಯಾಸ ಇವತ್ತಿಗೂ ಗಮಕಿಗಳ, ಅಂದರೆ ಕಾವ್ಯವನ್ನು ರಾಗವಾಗಿ ಓದುವವರ, ಬಾಯಲ್ಲಿ ಇರುವುದು ಈ ಲೆಕ್ಕದಿಂದಲೇ. ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರ ಚುಟುಕ ನೋಡಿ. ನಾಲ್ಕೇ ಸಾಲು, ಕೊನೆಯಲ್ಲಿ ಪ್ರಾಸ, ಓದಿದವರು ಮರೆಯುವುದಿಲ್ಲ. ಗದ್ಯದ ಒಂದು ಪುಟ ಹಾಗೆ ಬಾಯಿಗೆ ಬರುತ್ತದಾ? ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ (ಪದ್ಯ ಕೊಲ್ಲತಕ್ಕದ್ದು, ಗದ್ಯ ಮನಸ್ಸಿಗೆ ಹಿತ) ಎಂದಳು ಕವಿ ಮುದ್ದಣನ ಕಾವ್ಯದಲ್ಲಿ ಬರುವ ಅವನ ಹೆಂಡತಿ ಮನೋರಮೆ. ಪದ್ಯ ಬೇಡ ಅನ್ನಲೂ ಅವಳಿಗೆ ಪ್ರಾಸವೇ ಬೇಕಾಯಿತು!

ವಿರೋಧ: ಶಿರಸಿಯಿಂದ

ಮಾತ್ರೆಯವರನ್ನು ಕೇಳಿದರೆ, ಚಂಡೆ ಬಡಿಯದಿದ್ದರೆ ಕನ್ನಡಿಗರಿಗೆ ಕಿವಿಯೇ ಕೇಳಿಸುವುದಿಲ್ಲ. ನೆನಪಿಟ್ಟುಕೊಳ್ಳಲು ಪ್ರಾಸ ಬೇಕಂತೆ. ಅದಕ್ಕೆ ಈಗ ಮೊಬೈಲ್ ಇದೆ ಸ್ವಾಮಿ.

ನಮ್ಮ ಶಿರಸಿ, ಸಿದ್ದಾಪುರದ ಕಡೆಯ ತಾಳಮದ್ದಳೆಗೆ, ಅಂದರೆ ಕೂತು ಮಾತಾಡುವ ಯಕ್ಷಗಾನಕ್ಕೆ, ಒಮ್ಮೆ ಬನ್ನಿ. ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರು ಒಂದು ಪದ, ಅಂದರೆ ಹಾಡು, ಹೇಳುತ್ತಾರೆ, ಸ್ವಲ್ಪ ಹೊತ್ತು. ಅದೇ ಪದ ಹಿಡಿದು ಪಾತ್ರ ವಹಿಸಿದ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ, ಅದೇ ‘ಅರ್ಥ’. ಪದಕ್ಕೆ ಮಾತ್ರೆಯೂ ಇದೆ, ತಾಳವೂ ಇದೆ. ಅರ್ಥಕ್ಕೆ ಎರಡೂ ಇಲ್ಲ, ಬರೆದುಕೊಂಡ ಚೀಟಿಯೂ ಇಲ್ಲ. ಜನ ರಾತ್ರಿಯೆಲ್ಲ ಕೂರುವುದು ಅರ್ಥಕ್ಕಾಗಿ.

ಒಂದು ಮಳೆಗಾಲ, ನೆಂಟರ ಮನೆಯ ಜಗುಲಿಯಲ್ಲಿ ಕೂಟ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಸಂದರ್ಭ. ಕರೆಂಟು ಹೋಯಿತು, ಮೈಕೂ ಸತ್ತಿತು. ಹೆಂಚಿನ ಮೇಲೆ ಧೋ ಎಂದು ಮಳೆ. ಕರ್ಣನ ಅರ್ಥ ಹೇಳುತ್ತಿದ್ದವರು ನಿಲ್ಲಿಸಲಿಲ್ಲ. ತೊಟ್ಟಿಲಲ್ಲಿ ತೇಲಿ, ಸೂತನ ಮನೆಯಲ್ಲಿ ಬೆಳೆದು, ಬಿಲ್ಲು ಹಿಡಿದು, ಸಭೆಯಲ್ಲಿ ನಗೆಗೀಡಾಗಿ, ಹೀಗೆ ಒಂದೇ ವಾಕ್ಯವನ್ನು ಎಳೆದರು, ಎಳೆದರು. ಕ್ರಿಯಾಪದ ಬರಲೇ ಇಲ್ಲ. ಜಗುಲಿಯಲ್ಲಿ ಯಾರೂ ಎಲೆಅಡಿಕೆಯ ಕವಳ ಜಗಿಯುತ್ತಿರಲಿಲ್ಲ. ಆಮೇಲೆ ಮೆಲ್ಲಗೆ, ‘ಈಗ ಬಂದೆಯಾ, ಕೃಷ್ಣ?’ ಅಷ್ಟೇ. ನನ್ನ ಪಕ್ಕದ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಇದಕ್ಕೆ ಯಾವ ಗಣ ಹಾಕುತ್ತೀರಿ?

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದನ್ನು ಎಷ್ಟು ತಡೆಹಿಡಿಯಬೇಕು, ಯಾವಾಗ ಬಿಡಬೇಕು ಎನ್ನುವುದರಲ್ಲೇ ಗದ್ಯದ ಲಯ ಇದೆ. ಗೊತ್ತಿಲ್ಲದವರು ‘ಬಂದರು, ಕುಳಿತರು, ಉಂಡರು, ಹೋದರು’ ಎಂದು ಗಾಣ ತಿರುಗಿಸುತ್ತಾರೆ. ಮಾತ್ರೆ ಎಣಿಸುವವರ ಕಥೆಗಳಲ್ಲೂ ಇದನ್ನು ಓದಿ ಸಾಕಾಗಿದೆ. ಬನವಾಸಿಗಾಗಿ ಹಂಬಲಿಸಿದ ಪಂಪ ಸುಮಾರು 941ರಲ್ಲಿ ಭಾರತ ಬರೆದಾಗಲೂ ಬರೀ ಪದ್ಯ ಕಟ್ಟಲಿಲ್ಲ. ಅದು ಚಂಪೂ, ಅಂದರೆ ಪದ್ಯದ ನಡುನಡುವೆ ಗದ್ಯ ಇದೆ. ಅವನಿಗೇನು ಛಂದಸ್ಸಿನ ವೃತ್ತ ಬರೆಯಲು ಬರುತ್ತಿರಲಿಲ್ಲವೇ?

ಭಾಮಿನಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಭಾಗವತರು ಹಾಡಲಿ, ನಾನೂ ತಲೆದೂಗುತ್ತೇನೆ. ಆದರೆ ಕವಿತೆ ಕಲಿಯಲು ಬಂದ ಹುಡುಗರ ಕೈಗೆ ಮೊದಲ ದಿನವೇ ಲಘು-ಗುರುವಿನ ಪಟ್ಟಿ ಕೊಟ್ಟು ಹೆದರಿಸಬೇಡಿ. ಅವರೇ ಬರೆದ ಒಂದು ಪುಟ ಗದ್ಯವನ್ನು ಗಟ್ಟಿಯಾಗಿ ಓದಿಸಿ. ‘ದರು’ ಎಷ್ಟು ಸಲ ಬಂತು ಅಂತ ಅವರೇ ಎಣಿಸಲಿ.