ಟೆ ಹೋಗಿ ಸೆ ಬಂತು

‘ಟೆಕ್ಸ್ಟಿಂಗ್’ನ ‘ಟೆ’ ಕಿತ್ತು ಅಲ್ಲೊಂದು ‘ಸೆ’ ಕೂರಿಸಿ. ‘ಸೆಕ್ಸ್ಟಿಂಗ್’ ತಯಾರು. ಸೆಕ್ಸ್, ಟೆಕ್ಸ್ಟಿಂಗ್ ಎರಡನ್ನೂ ಇಂಗ್ಲಿಷಿನವರು ಅಮುಕಿ ಒಂದು ಮಾಡಿದ್ದಾರೆ. ಇದು ಯಾವ ಸಂಧಿ ಅಂತ ಮಾಸ್ತರರನ್ನು ಮಾತ್ರ ಕೇಳಬೇಡಿ. ಫೋನಿನಲ್ಲಿ ಕಾಮದ ಮಾತು, ಬತ್ತಲೆ ಫೋಟೋ, ವಿಡಿಯೋ ಕಳಿಸಿಕೊಳ್ಳುವುದು ಅಂತ ಅರ್ಥ. 2005ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, 2012ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಸೇರಿತು.

ಎಸ್ಸೆಮ್ಮೆಸ್ ಕಾಲದಲ್ಲಿ ಕನ್ನಡಿಗರಿಗೆ ಇದು ಕಷ್ಟವೇ ಇತ್ತು. ಒಂದು ಮೆಸೇಜಿಗೆ ಇಂಗ್ಲಿಷಿನಲ್ಲಿ 160 ಅಕ್ಷರ, ಕನ್ನಡದಲ್ಲಿ ಬರೇ 70. ಒತ್ತಿಗೂ ಕೊಂಬಿಗೂ ಬೇರೆ ಬೇರೆ ಲೆಕ್ಕ. ‘ಸೆಕ್ಸ್ಟಿಂಗ್’ ಒಂದೇ 11 ನುಂಗುತ್ತದೆ. ಉಳಿದ 59ರಲ್ಲಿ ಎಷ್ಟು ಶೃಂಗಾರ ಹಿಡಿಸೀತು?

ಈಗ ಜಾಗಕ್ಕೆ ಬರವಿಲ್ಲ, ಬೆರಳಿನದೇ ಗೋಳು. ಕಲಬುರಗಿ ಕಡೆ ಬಳಗವನ್ನು ಊರಿನ ಹೆಸರಲ್ಲೇ ಸೇವ್ ಮಾಡುತ್ತಾರೆ: ಸೇಡಂ ಅತ್ತಿ, ಆಳಂದ ಮಾವ, ಚಿಂಚೋಳಿ ಕಾಕಾ. ಇಂಗ್ಲಿಷ್ ಲಿಪಿಯಲ್ಲಿ ಸೇವ್ ಮಾಡಿದ್ದರೆ, ‘ಚಿನ್ನು’ ಹುಡುಕಲು ಮೊದಲ ನಾಲ್ಕಕ್ಷರ ಒತ್ತಿದಾಗ ಚಿಂಚೋಳಿ ಕಾಕಾನೂ ಹಾಜರು. ಇಂಗ್ಲಿಷ್ ವರ್ಣಮಾಲೆಯಲ್ಲಿ ‘ಸಿ’ ಮೊದಲು, ‘ಎನ್’ ಆಮೇಲೆ. ಹೆಸರಿನ ಸಾಲಿನಲ್ಲೂ ಕಾಕಾ ಮೇಲೆ, ಚಿನ್ನು ಕೆಳಗೆ. ಮೇ ತಿಂಗಳ ಬೆವರುಗೈ ಆದರೆ ಇನ್ನೂ ಫಜೀತಿ, ಒದ್ದೆ ಬೆರಳನ್ನು ಸ್ಕ್ರೀನ್ ಸರಿಯಾಗಿ ಗುರುತಿಸುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ‘ವ್ಯೂ ಒನ್ಸ್’ (ಒಮ್ಮೆ ನೋಡಿದರೆ ಮಾಯ) ಹಾಕಿದ್ದೇನಲ್ಲ ಅನ್ನಬೇಡಿ. ಅದು ಸ್ಕ್ರೀನ್‌ಶಾಟ್ ತಡೆದೀತು, ಎದುರಿಗಿಟ್ಟ ಇನ್ನೊಂದು ಫೋನಿನ ಕ್ಯಾಮೆರಾವನ್ನಲ್ಲ. ಒಪ್ಪಿಗೆಯಿಲ್ಲದೆ ಯಾರದೋ ಖಾಸಗಿ ಅಂಗದ ಚಿತ್ರ ಹಂಚಿದವರಿಗೆ ಐಟಿ ಕಾಯ್ದೆಯ 66ಇ ಇದೆ, 3 ವರ್ಷದವರೆಗೆ ಜೈಲು. ಚಿತ್ರದಲ್ಲಿರುವವರು 18 ತುಂಬದವರಾದರೆ 67ಬಿ, ಅಲ್ಲಿ ಒಪ್ಪಿಗೆಯ ಮಾತೇ ನಡೆಯದು.

ಇತ್ತ ಬೆರಳು ತಪ್ಪಿ ಚಿನ್ನು ಬದಲು ಕಾಕಾನಿಗೆ ಹೋದ ಮೆಸೇಜು. ಅದರ ಮೇಲೆ ಬೆರಳು ಒತ್ತಿ ಹಿಡಿದು, ಕಸದ ಡಬ್ಬಿ ಮುಟ್ಟಿ, ‘ಡಿಲೀಟ್ ಫಾರ್ ಎವರಿವನ್’ ಆರಿಸಬೇಕು. ಎರಡು ದಿನಕ್ಕೂ ತುಸು ಹೆಚ್ಚು ಅವಕಾಶವಿದೆ. ಗಾಬರಿಯಲ್ಲಿ ಬೆರಳು ಹೋಗುವುದು ‘ಡಿಲೀಟ್ ಫಾರ್ ಮೀ’ ಮೇಲೆ: ನಿಮ್ಮ ಫೋನಿನಲ್ಲಿ ಇಲ್ಲ, ಕಾಕಾನ ಫೋನಿನಲ್ಲಿ ಭದ್ರ. ಆಗ ಕೆಳಗೆ ಬರುವ ‘ಅನ್‌ಡು’ ಒತ್ತಲು 5 ಸೆಕೆಂಡು ಮಾತ್ರ. ಒತ್ತಿದಿರಿ, ಸರಿಯಾಗಿ ಅಳಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಅದನ್ನು ನೋಡಿ ಕಾಕಾ ಫೋನ್ ಹಚ್ಚುತ್ತಾನೆ:

“ಏನ್ ಅಳಿಸೀದಿಯೋ ತಮ್ಮಾ? ನಾ ನೋಡೇ ಇಲ್ಲ, ಮತ್ತೊಮ್ಮಿ ಕಳಸು.”