ಸಣ್ಣ ಲೇತಿಗೆ ಎಚ್‌ಎಸ್‌ಎಸ್ ಟೂಲೇ ವಾಸಿ
'ಹೊಸಬರು ನೇರವಾಗಿ ಕಾರ್ಬೈಡ್ ಇನ್ಸರ್ಟ್ ಕೊಳ್ಳಲಿ' ಅಂತ ಬರೆದಿದ್ದೀರಿ, ಅಂದರೆ ಟೂಲಿನ ತುದಿಗೆ ಕೂರಿಸುವ ಗಟ್ಟಿ ಬಿಡಿ ಅಲಗು. ನನಗೆ ಒಪ್ಪಿಗೆಯಿಲ್ಲ. ಲೋಹವನ್ನು ತಿರುಗಿಸಿ ಕತ್ತರಿಸುವ ಮನೆಯ ಸಣ್ಣ ಲೇತಿಗೆ ಅಷ್ಟು ಬಲವೂ ಇಲ್ಲ, ಬಿಗಿಯೂ ಇಲ್ಲ. 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕಿನ ಟೂಲ್) ಆದರೆ ನಿಮಿಷಕ್ಕೆ ಸುಮಾರು 380 ಸುತ್ತು ಸಾಕು. ಕಾರ್ಬೈಡ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಮೂರು ಪಟ್ಟಾದರೂ ಬೇಕು, ಕಟ್ ಕೂಡ ಆಳವಾಗಿರಬೇಕು. ಅಷ್ಟು ಕೊಟ್ಟರೆ ನನ್ನ ಲೇತ್ ಗಡಗಡ ನಡುಗುತ್ತದೆ. ಒಮ್ಮೆ ಚೌಕ ರಾಡನ್ನು ದುಂಡಗೆ ಮಾಡಲು ಹೋಗಿ, ಮೂಲೆಗಳು ಬಡಿದು ಎರಡು ಇನ್ಸರ್ಟ್ ಸುಮ್ನೆ ಹಾಳಾದವು. ಎಚ್‌ಎಸ್‌ಎಸ್ ಆಗಿದ್ದರೆ ಗ್ರೈಂಡರಿಗೆ ಹಿಡಿದು ಮತ್ತೆ ಚೂಪು ಮಾಡಬಹುದಿತ್ತು, ಅಲ್ವಾ? ಅಲ್ಯೂಮಿನಿಯಮ್‌ಗೆಂದೇ ಬರುವ ಹರಿತ ಅಂಚಿನ ಇನ್ಸರ್ಟ್ ಮಾತ್ರ ಬೇರೆ. ಅದು ಸಣ್ಣ ಲೇತಿನಲ್ಲೂ ನುಣುಪಾಗಿ ಕತ್ತರಿಸುತ್ತದೆ.