ಸತ್ಯಾಂಶ: ನಿಧಾನವಾಗಿ ಮಂದವಾದ ಕಿವಿಗೂ ಪರಿಹಾರವುಂಟು

ಅಪಘಾತದಲ್ಲಿ ಗಾಯವಾದರೆ ಮಾತ್ರ ಪರಿಹಾರ, ಕಾರ್ಖಾನೆಯ ಸದ್ದಿಗೆ ಕಿವಿ ಮಂದವಾದರೆ ಅದು ವಯಸ್ಸಿನ ದೋಷವೆಂಬ ಸಂದೇಶವು ಪುಣೆಯ ಭೋಸರಿ, ಚಿಂಚವಾಡಗಳ ಕನ್ನಡಿಗ ಕಾರ್ಮಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ಸರಿಯಲ್ಲ. ಸದ್ದಿನಿಂದಾದ ಶ್ರವಣದೋಷವನ್ನು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯು ಔದ್ಯೋಗಿಕ ರೋಗ, ಅಂದರೆ ಕೆಲಸದಿಂದ ಬರುವ ರೋಗವೆಂದೇ ಪಟ್ಟಿಮಾಡಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕಿವಿ ಮಂದವಾದದ್ದು ಸದ್ದಿನಿಂದಲೋ ವಯಸ್ಸಿನಿಂದಲೋ ಎಂದು ಗುರುತಿಸಲು ಸಾಧ್ಯವೇ ಇಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ: ಸದ್ದಿನಿಂದ ಹಾನಿಯಾದಾಗ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತ ತಗ್ಗು ಕಾಣುತ್ತದೆ, ವಯಸ್ಸಿನದಾದರೆ ನಕ್ಷೆಯ ಗೆರೆಯು ಎತ್ತರದ ಸ್ವರಗಳತ್ತ ಇಳಿಯುತ್ತಲೇ ಹೋಗುತ್ತದೆ (ಎರಡೂ ಬೆರೆತಿರುವುದುಂಟು, ಆಗ ತಜ್ಞರ ಅಭಿಪ್ರಾಯ ಬೇಕು). ಇಂಥ ಸಂದೇಶ ಬಂದಾಗ ಅದರಲ್ಲಿ ಕಾಯ್ದೆಯ ಹೆಸರು, ಕಲಮು ಇದೆಯೇ ಎಂದು ನೋಡಿ. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಅನುಸೂಚಿಯನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರು ಅಲ್ಲಿಯೇ ಅರ್ಜಿ ಸಲ್ಲಿಸಬೇಕು.